ಕಾಲು ಸೆಕೆಂಡು

ಮೂರನೇ ಚೈನು ಹರಿದದ್ದು
ಲಲಿತಮಹಲ್ ರಸ್ತೆಯ ಏರಿನಲ್ಲಿ, ಬೆಳಗ್ಗೆ ಆರೂ ಹತ್ತಕ್ಕೆ.
ಬೆನ್ನ ಮೇಲೆ ಐಸು ತುಂಬಿದ ಪೆಟ್ಟಿಗೆ,
ಅದರೊಳಗೆ ನಾಲ್ಕು ಮನೆಯ ರಕ್ತ,
ಒಂದೊಂದು ಕೊಳವೆಗೂ ನನ್ನ ಕೈಬರಹದ ಹೆಸರು.
ಟಕ್ ಎಂದಿತು. ಪೆಡಲು ಗಾಳಿಯಲ್ಲಿ ತಿರುಗಿತು.
ಮೋಟಾರು ಮಾತ್ರ ಇನ್ನೂ ಗುಂಯ್‌ಗುಡುತ್ತಿತ್ತು
ಎದುರಿಗಿದ್ದವರು ಎದ್ದು ಹೋದರೂ
ವಾದ ನಿಲ್ಲಿಸದ ಗಂಡಸಿನ ಹಾಗೆ.

ರಕ್ತವನ್ನು ಆಟೋದಲ್ಲಿ ಕಳಿಸಿದೆ, ನೂರಿಪ್ಪತ್ತು, ನನ್ನ ಕೈಯಿಂದ.
ಸೈಕಲ್ಲನ್ನು ಮಂಡಿಮೊಹಲ್ಲಾದವರೆಗೆ ತಳ್ಳಿದೆ.

ಮುನವ್ವರ್ ಸಾಬರು ಶಟರು ಅರ್ಧ ಎತ್ತಿ
ಬನ್ನನ್ನು ಚಹಾದಲ್ಲಿ ಅದ್ದುತ್ತಿದ್ದರು.
ಹಿಂದಿನ ಚಕ್ರ ಬಿಚ್ಚಿ ಬೆಳಕಿಗೆ ಹಿಡಿದರು:
ಹಲ್ಲುಗಳೆಲ್ಲ ಒಂದೇ ಕಡೆ ಬಾಗಿ
ಸಾಲಾಗಿ ಇಟ್ಟ ಕುಡುಗೋಲು.
"ಗೇರು ಬದಲಿಸೋವಾಗ ತುಳೀತಾನೇ ಇರ್ತೀಯಾಮ್ಮಾ?"
"ಏರಲ್ಲಿ ತುಳೀದೆ ಇರಕ್ಕಾಗುತ್ತಾ?"
"ನೀನು ತುಳಿಯೋದನ್ನ ಹೆಂಗೋ ತಡ್ಕೊಳ್ಳುತ್ತೆ.
ನಿನ್ನ ಜೊತೆ ಇನ್ನಿಬ್ಬರು ಆಳು ತುಳೀತಾವ್ರೆ ಒಳಗೆ.
ನಿಲ್ಸಿ ಅಂತ ಅವರಿಗೆ ಹೇಳೋರು ಯಾರು?"

ಚಕ್ರದಲ್ಲಿ ಕೂತ ಮೋಟಾರಾದರೆ
ತಾನಾಯಿತು, ತನ್ನ ಪಾಡಾಯಿತು.
ನನ್ನದು ನಡುಹೊಟ್ಟೆಯಲ್ಲಿ, ಪೆಡಲಿನ ಪಕ್ಕ;
ಅದರ ಸೊಕ್ಕೆಲ್ಲ ಈ ಒಂದೆಳೆ ಚೈನಿನ ಮೇಲೇ ಹಾದು ಹೋಗಬೇಕು.
ನನ್ನ ಕಾಲು ನಿಂತ ಮೇಲೂ ಒಂದರೆಗಳಿಗೆ ಎಳೆಯುತ್ತದೆ.
ಅದೇ ಅರೆಗಳಿಗೆಯಲ್ಲಿ ಚೈನು
ಒಂದು ಹಲ್ಲು ಬಿಟ್ಟು ಇನ್ನೊಂದನ್ನು ಹಿಡಿಯಬೇಕು.
ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲೆತ್ತಿದವಳನ್ನು
ಬೆನ್ನಿಗೆ ಕೈಹಾಕಿ ನೂಕಿದರೆ?

ಮೊದಲು ಬೆರಳಿಗೆ ಪಾಠ.
ಬ್ರೇಕಿನ ಹಿಡಿಯನ್ನು ಕೂದಲೆಳೆಯಷ್ಟು ಒತ್ತು,
ಮೋಟಾರು ಬಿಡುತ್ತದೆ, ಗೇರು ಹಾಕು, ಬೆರಳು ತೆಗೆ.
ಅಂಗಡಿಯ ಮುಂದೆ ಹನ್ನೆರಡು ಸುತ್ತು, ಒಂದೂ ತಪ್ಪಲಿಲ್ಲ.
ಮಾನಸಗಂಗೋತ್ರಿಯ ಏರಿನಲ್ಲಿ ಬೆರಳು ಬಿಗಿದು
ನಿಂತೇ ಬಿಟ್ಟೆ ರಸ್ತೆಯ ನಟ್ಟನಡುವೆ.
ಹಿಂದಿದ್ದ ಆಟೋದವನು
ನನ್ನ ವಂಶವನ್ನೆಲ್ಲ ಹೆಸರಿಡಿದು ನೆನೆದ.

ಆಮೇಲೆ ಆ ಪೆಟ್ಟಿಗೆ ಬಂತು,
ಬೆಂಕಿಪೊಟ್ಟಣದ ಅರ್ಧದಷ್ಟು.
ಗೇರಿನ ತಂತಿ ಅದರ ಹೊಟ್ಟೆ ಹಾದು ಹೋಗುತ್ತದೆ,
ತಂತಿ ಕದಲಿದರೆ ಮೋಟಾರು ಬಾಯಿ ಮುಚ್ಚುತ್ತದೆ.
"ಎಷ್ಟು ಹೊತ್ತು?"
"ಕಾಲು ಸೆಕೆಂಡು.
ಜಾಸ್ತಿ ಕೊಟ್ರೆ ಏರಲ್ಲಿ ಗಾಡಿ ಸಾಯುತ್ತೆ,
ಕಮ್ಮಿ ಕೊಟ್ರೆ ಚೈನು."

ಕಟ್ಟಲು ಪಟ್ಟಿ ಮುಗಿದಿತ್ತು ಅವರ ಡಬ್ಬಿಯಲ್ಲಿ.
ನನ್ನ ಚೀಲದಿಂದ ತೋಳಿಗೆ ಕಟ್ಟುವ ಹಳೇ ರಬ್ಬರು ಕೊಟ್ಟೆ.
ಎಳೆದು ನೋಡಿದರು. ಇದು ಯಾತಕ್ಕೆ?
ಹೇಳಿದೆ: ಮೊಣಕೈ ಮೇಲೆ ಬಿಗಿದರೆ ನರ ಏಳುತ್ತದೆ,
ಸೂಜಿ ಇಳಿಯುತ್ತದೆ, ಕೊಳವೆ ತುಂಬುತ್ತದೆ.
ಮೊದಲು ಇದನ್ನು ಸಡಿಲಿಸಬೇಕು, ಸೂಜಿ ಆಮೇಲೆ.
ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಮರೆತೆ.
ಜಯಲಕ್ಷ್ಮೀಪುರಂನ ಪೊನ್ನಮ್ಮ ಮೇಡಂ ತೋಳು
ಹತ್ತು ದಿನ ನೇರಳೆಹಣ್ಣು.
ಅವರು ಯಾರಿಗೂ ಹೇಳಲಿಲ್ಲ.
ಮುಂದಿನ ಸಲ ಸುಮ್ಮನೆ ಇನ್ನೊಂದು ಕೈ ಚಾಚಿದರು,
ಆ ಬೇಸಗೆಯಲ್ಲೂ ಸ್ವೆಟರು ತೊಟ್ಟು.

ಸಾಬರು ಏನೂ ಅನ್ನಲಿಲ್ಲ.
ರಬ್ಬರನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿ
ಬೆರಳಿಂದ ತಟ್ಟಿದರು.

ಮರುದಿನ ಅದೇ ಏರು. ಗೇರು ಒತ್ತಿದೆ.
ಗುಂಯ್ ನಿಂತಿತು.
ಆ ಬಿರುಕಿನಲ್ಲಿ
ಯಾರದೋ ಅಂಗಳದ ಪೊರಕೆಯ ಸದ್ದು,
ಬೆನ್ನ ಪೆಟ್ಟಿಗೆಯಲ್ಲಿ ಕೊಳವೆಗೆ ಕೊಳವೆ ತಾಗಿದ್ದು,
ನನ್ನದೇ ಏದುಸಿರು, ಇಷ್ಟು ಜೋರಾಗಿದೆಯೆಂದು ಗೊತ್ತೇ ಇರಲಿಲ್ಲ.
ಚೈನು ದಾಟಿತು, ಬಾಗಿಲ ಚಿಲಕ ಕೂತಷ್ಟು ಮೆತ್ತಗೆ.
ಮೋಟಾರು ಮರಳಿ ಬಂತು
ಎಲ್ಲಿಗೂ ಹೋಗಿರದವನ ಹಾಗೆ.

ಮೇಲೆ, ಕೊನೆಯ ಮನೆಯಲ್ಲಿ,
ಕಾಫಿ ಕುಡಿಯದ ಸಿಟ್ಟಿನಲ್ಲಿ ಗೇಟು ಹಿಡಿದು ನಿಂತಿದ್ದರು
ನಿವೃತ್ತ ತಹಸೀಲ್ದಾರರು.
"ಆರೂವರೆ ಅಂದ್ರೆ ಆರೂವರೆ. ಈಗೆಷ್ಟು?"
ಆರೂ ಮೂವತ್ತೆರಡು.
ಉತ್ತರ ನಾಲಿಗೆಯ ತುದಿಗೆ ಬಂದಿತ್ತು.
ಕಾಲು ಸೆಕೆಂಡು ಬಿಟ್ಟೆ.
ಆಮೇಲೆ ಕುರ್ಚಿ ಎಳೆದು,
"ಮುಷ್ಟಿ ಕಟ್ಟಿ ಸಾರ್," ಎಂದೆ.