ಒಂದು ಚಪ್ಪಾಳೆ ತಡ

ಆ ತಟ್ಟೆಯಲ್ಲಿ ನಾನೂ ಇದ್ದೇನೆ.
ಹಾಡಿ ಅಲ್ಲ, ಊದಿ ಅಲ್ಲ,
ಬರಿ ಎರಡು ಅಂಗೈ.

ಗ್ಯಾಲ್ವೆಸ್ಟನ್ ಬಂದರು, ಐವತ್ತೊಂಬತ್ತರ ಆಗಸ್ಟು.
ಹ್ಯಾಸ್ಕೆಲ್ ಬ್ರೂಮನ ರೇಡಿಯೊ ರಿಪೇರಿ ಅಂಗಡಿಯ ಹಿಂದಿನ ಕೋಣೆ,
ಗೋಡೆಗೆ ಮೊಳೆ ಹೊಡೆದ ಹಳೆಯ ಹಾಸಿಗೆ, ಒಂದೇ ಮೈಕು.
ಪಕ್ಕದಲ್ಲೇ ಸಿಗಡಿ ದೋಣಿಗಳ ಐಸ್ ಕಾರ್ಖಾನೆ,
ಅದರ ಯಂತ್ರದ ಗುಂಯ್, ಯಾವ ಸ್ವರ ಹಿಡಿದರೂ ಅಂಟುವ ಜಿಗಣೆ.
ಯಜಮಾನನಿಗೆ ಆರು ಡಾಲರ್ ಕೊಟ್ಟು ನಿಲ್ಲಿಸಿದೆವು.
"ಒಂದೇ ಗಂಟೆ," ಅಂದ,
"ಆಮೇಲೆ ನನ್ನ ಐಸೂ ನೀರು, ನಿಮ್ಮ ಹಾಡೂ ನೀರು."

ವರ್ಲೀನ್ ಟಬ್ಸ್ ಬಂದದ್ದು ಲಾಂಡ್ರಿಯಿಂದ ನೇರ,
ಹೋಟೆಲಿನವರ ನೂರಿಪ್ಪತ್ತು ಅಂಗಿಗೆ ಇಸ್ತ್ರಿ ಒತ್ತಿ,
ಮೊಣಕೈ ತನಕ ಗಂಜಿಯ ವಾಸನೆ.
ಚರ್ಚಿನಲ್ಲಿ ಆರ್ಗನ್ ನುಡಿಸುವ ಅಮೋಸ್ ಕ್ರೆನ್ಷಾ
ಪಿಯಾನೊಗೆ ಕೂರುವ ಮುಂಚೆ ಕಿಟಕಿಯ ಪರದೆ ಎಳೆದ.
"ನನ್ನ ಹೆಸರು ಎಲ್ಲೂ ಅಚ್ಚಾಗಬಾರದು.
ನಮ್ಮ ಪಾದ್ರಿಗೆ ಕಣ್ಣಿಗಿಂತ ಕಿವಿ ಮಂದ."

ನಾನು ವರ್ಲೀನಳ ಚಿಕ್ಕಮ್ಮನ ಮಗ. ಕಾರಿದ್ದವನು,
ಅಷ್ಟೇ ನನ್ನ ಅರ್ಹತೆ.
ಡ್ರಮ್ಮಿನ ಲೂಷಸ್ ನನ್ನನ್ನು ಮೆಟ್ಟಿಲ ಸಂದಿಗೆ ದೂಡಿ ಹೇಳಿದ:
ಎರಡಕ್ಕೆ ತಟ್ಟು, ನಾಲ್ಕಕ್ಕೆ ತಟ್ಟು,
ಒಂದು, ಮೂರು ದೇವರಿಗೆ ಬಿಡು.

ಮೊದಲ ಸಲ ಗಿಟಾರಿನ ತಂತಿ ಹರಿಯಿತು.
ಎರಡನೆಯ ಸಲ ಹಡಗಿನ ಸಿಳ್ಳೆ.
ಮೂರನೆಯದು ಎಲ್ಲರಿಗೂ ಸರಿ, ವರ್ಲೀನಳಿಗೆ ಮಾತ್ರ ಅಲ್ಲ.
"ಇಸ್ತ್ರಿ ಮಾಡಿದ ಹಾಗಿದೆ," ಅಂದಳು, "ಒಂದು ಸುಕ್ಕಾದರೂ ಬೇಡವೆ?"
ಅಷ್ಟರಲ್ಲಿ ಬಾಗಿಲಡಿಯಿಂದ ಐಸಿನ ನೀರು ಒಳಗೆ ಹರಿಯುತ್ತಿತ್ತು.
ಚಪ್ಪಲಿ ಕಳಚಿ ಅದರಲ್ಲೇ ನಿಂತು ಹಾಡಿದಳು ನಾಲ್ಕನೆಯದನ್ನು,
ಚಿಲಕ ಹಾಕದೆ ಮಲಗಿದವಳ ಹಾಡು,
ಮರೆತು ಹಾಗೆ ಮಲಗಿದಳೋ, ಕಾದು ಮಲಗಿದಳೋ
ಯಾವ ಸಾಲಿನಲ್ಲೂ ಹೇಳದ ಹಾಡು.
ನಡುವೆ ಒಂದು ಕಡೆ ಮಾತು ಬಿಟ್ಟು
ಬರಿ "ಮ್" ಅಂದಳು.

ಎತ್ತಿದ ಅಂಗೈ ಎತ್ತಿದ ಹಾಗೇ ಮರೆತೆ.
ತಟ್ಟಿದಾಗ ತಡವಾಗಿತ್ತು. ಕೂದಲೆಳೆಯಷ್ಟಲ್ಲ,
ಕತ್ತಲಲ್ಲಿ ಮುದುಕನೊಬ್ಬ ಒಂದು ಮೆಟ್ಟಿಲು ಹತ್ತುವಷ್ಟು.
ಹಾಡು ಮುಗಿಯಿತೋ ಇಲ್ಲವೋ ಗೋಡೆಯಾಚೆ ಗುಂಯ್.
ಹ್ಯಾಸ್ಕೆಲ್ ನನ್ನನ್ನೊಮ್ಮೆ, ಒದ್ದೆ ನೆಲವನ್ನೊಮ್ಮೆ ನೋಡಿ
"ಇರಲಿ," ಅಂದ.

ಹ್ಯೂಸ್ಟನ್ನಿನಲ್ಲಿ ಒತ್ತಿಸಿದೆವು, ಐನೂರು.
ಬಿಸಿ ಕರಿ ಮುದ್ದೆ, ಮೇಲೊಂದು ಅಚ್ಚು ಕೆಳಗೊಂದು ಅಚ್ಚು, ಉಸ್ಸೆಂದು ಹಬೆ.
"ಇಲ್ಲೂ ಇದೇ ಕೆಲಸವೇ!" ವರ್ಲೀನ್ ನಕ್ಕಳು.
ಹಳದಿ ಲೇಬಲ್ಲಿನಲ್ಲಿ ಲಕಾರ ನಕಾರ ಜಾಗ ಬದಲಿಸಿ
ಅವಳು 'ವರ್ನೀಲ್' ಆಗಿದ್ದಳು.
ಮತ್ತೆ ಅಚ್ಚು ಹಾಕಿಸಲು ಕಾಸಿಲ್ಲ.
"ಬಿಡು, ಸಾಲ ಕೊಟ್ಟವರು ಸ್ವಲ್ಪ ಹುಡುಕಲಿ."

ಎಪ್ಪತ್ತು ನನ್ನ ಡಿಕ್ಕಿಯ ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾದವು.
ಉಳಿದವನ್ನು ಕ್ಷೌರದಂಗಡಿ, ಹುರಿದ ಮೀನಿನಂಗಡಿ,
ಜೂಕ್‌ಬಾಕ್ಸಿನವರ ಹಿತ್ತಲ ಬಾಗಿಲು,
ಎಲ್ಲೆಂದರಲ್ಲಿ ಇಳಿಸಿದೆ. ಹಣ ಬಂದದ್ದು ಮೀನಿನ ರೂಪದಲ್ಲಿ.

ಒಂದು ಶುಕ್ರವಾರ ರಾತ್ರಿ ರೇಡಿಯೊದವನು ಹಾಕಿದ.
ಲಾಂಡ್ರಿಯ ಹಿಂದೆ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದೆ.
ರಾತ್ರಿ ಪಾಳಿಯ ಹೆಂಗಸರು ಒದ್ದೆ ಕೈಯಲ್ಲೇ ಹೊರಬಂದರು.
ಹಾಡು ಬಂತು. "ಮ್" ಬಂತು.
ಸರಿಯಾಗಿ ಅಲ್ಲೇ ಆ ಪುಣ್ಯಾತ್ಮ ಸೂಜಿ ಎತ್ತಿ
ಮೈದಾಹಿಟ್ಟಿನ ಜಾಹೀರಾತು ಓದಿದ.

ಯಾರೂ ಮಾತಾಡಲಿಲ್ಲ.
ಹಿಂದಿನಿಂದ ಒಬ್ಬಳು, ಚಾದರ ಹಿಂಡುವ ಅಗಲ ಅಂಗೈಯವಳು,
ತಾಳ ಎಲ್ಲಿ ಬೀಳಬೇಕಿತ್ತೋ ಅಲ್ಲಿ ತಟ್ಟಲು ಹೋದಳು.
ವರ್ಲೀನ್ ಅವಳ ಮಣಿಕಟ್ಟು ಹಿಡಿದಳು.
"ತಡಿಯೇ," ಅಂದಳು,
"ಅವನಿನ್ನೂ ಮೆಟ್ಟಿಲ ಮೇಲಿದ್ದಾನೆ."