ಕಾವು

ನಾನು ಬಾಟಲಿ ತೊಳೆಯುವವಳು.
ಮ್ಜೆವಿನಾರ್ ಅಂತ ಹೆಸರು; ಲ್ಯಾಬಿನಲ್ಲಿ ಯಾರೂ ಪೂರ್ತಿ ಕರೆಯುವುದಿಲ್ಲ.
ತ್ಬಿಲಿಸಿಯಲ್ಲಿ ಆ ಚಳಿಗಾಲ ಕರೆಂಟು
ಬಂದರೆ ನೆಂಟರ ಹಾಗೆ ಬರುತ್ತಿತ್ತು, ಹೇಳದೆ ಕೇಳದೆ,
ಒಲೆ ಆರಿದ ಮೇಲೆ.
ಬ್ರೆಡ್ಡಿನ ಸಾಲು ಬೆಳಗಿನ ನಾಲ್ಕಕ್ಕೇ ಬೀದಿಯ ತಿರುವು ದಾಟಿರುತ್ತಿತ್ತು.

ಆಗ ಬಂದವನು ಸೆವೆರಿಯಾನ್,
ಚಿಯಾತುರಾದ ಮ್ಯಾಂಗನೀಸ್ ಗಣಿಯಿಂದ,
ಎರಡು ಬಸ್ಸು, ಒಂದು ಲಾರಿ, ಉಳಿದ ದಾರಿ ಅಣ್ಣನ ಬೆನ್ನು.
ಎಡಗಾಲಿನ ಹುಣ್ಣಿಗೆ ಹನ್ನೊಂದು ತಿಂಗಳು.
ಮದ್ದೆಂಬ ಮದ್ದೆಲ್ಲ ಮುಗಿದಿತ್ತು.
ಪಟ್ಟಿ ಬಿಚ್ಚಿದರೆ ಹಸಿರು ಕೀವು,
ಮತ್ತೆ, ಹೇಗೆ ಹೇಳಲಿ, ದ್ರಾಕ್ಷಿಯ ವಾಸನೆ.
ನಿಜ. ಆ ಕೀಟಾಣು ಹಾಗೇ ಅಂತೆ,
ಕಳಿತ ದ್ರಾಕ್ಷಿಯ ಹಾಗೆ. ನಾನು ಕಾಖೇತಿಯವಳು,
ಸುಗ್ಗಿಯಲ್ಲಿ ತೊಟ್ಟಿಗಿಳಿದು ಹಣ್ಣು ತುಳಿದ ಕಾಲು ನನ್ನದು;
ಬಕೀಟು ಹಿಡಿದು ಬಾಗಿಲಲ್ಲಿ ನಿಂತವಳಿಗೆ
ಅಪ್ಪನ ಅಂಗಳ ನೆನಪಾಗಿ
ನಾಚಿಕೆಯಾಯಿತು.

ಲಾಮಾರಾ ಇದ್ದ ಆಂಪೂಲುಗಳನ್ನೆಲ್ಲ ಒಡೆದು ನೋಡಿದಳು.
ಫೇಜ್ ಎಂದರೆ ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್ಸು
(ನನಗೆ ಹಾಗೆ ಹೇಳಿಕೊಟ್ಟಿದ್ದಳು),
ಆದರೆ ಬಲು ಹಟಮಾರಿ:
ತನಗೆ ಗೊತ್ತಿರುವ ಕದ ಬಿಟ್ಟು ಇನ್ನೊಂದು ತಟ್ಟುವುದಿಲ್ಲ.
ತಟ್ಟೆಯ ಮೇಲಿನ ಹಸಿರು ಪಾಚಿ ಹಾಗೇ ಉಳಿಯಿತು,
ಸೂಜಿಮೊನೆಯಷ್ಟೂ ತೂತಿಲ್ಲದೆ.
"ಮುಳ್ಳು ತೆಗೆಯುವ ಮುಳ್ಳು ಅದೇ ಬೇಲಿಯಲ್ಲಿರುತ್ತದೆ" ಎಂದು
ನನ್ನ ಕೈಗೆ ಹಗ್ಗ ಕಟ್ಟಿದ ಶೀಸೆ ಕೊಟ್ಟಳು.

ಆಸ್ಪತ್ರೆಯ ಮೋರಿ ಮ್ತ್‌ಕ್ವಾರಿ ನದಿಗೆ ಬಂದು ಬೀಳುವಲ್ಲಿ
ಹಿಮ ಕೂಡ ನಿಲ್ಲುವುದಿಲ್ಲ; ನೀರು ಉಗುರುಬೆಚ್ಚಗೆ, ಹೊಗೆಯಾಡುತ್ತ.
ಅವನ ಪಟ್ಟಿ ಒಗೆದ ನೀರೂ ಅಲ್ಲಿಗೇ.
ಗಾಳ ಹಾಕಿದ್ದ ಮುದುಕನೊಬ್ಬ ಕೇಳಿದ:
"ಏನಮ್ಮಾ, ಕುಡಿಯೋಕಾ?"
"ಕುಡಿಸೋಕೆ" ಅಂದೆ. ಅವನು ಶಿಲುಬೆಯ ಗುರುತು ಹಾಕಿಕೊಂಡ.

ಸೋಸಿದಳು, ಮತ್ತೆ ಸೋಸಿದಳು.
ಕೀಟಾಣು ಬೆಳೆದು ಮಜ್ಜಿಗೆಯಾಗಿದ್ದ ಸಾರಿಗೆ ನಾಲ್ಕು ಹನಿ ಬಿಟ್ಟಳು.
ಇನ್ನು ಬೇಕಾದದ್ದು ಮೂವತ್ತೇಳು ಡಿಗ್ರಿ, ಒಂದು ರಾತ್ರಿ.
ಕರೆಂಟು ಹೋಯಿತು.
ಕಾವುಪೆಟ್ಟಿಗೆ ಒಮ್ಮೆ ಗೊಣಗಿ ಸುಮ್ಮನಾಯಿತು,
ಕೋಳಿ ಎದ್ದು ಹೋದ ಗೂಡು.
ಮುಖ ಮುಖ ನೋಡಿಕೊಂಡೆವು.
ಅವಳ ಮೈಯಲ್ಲಿ ಬರೀ ಮೂಳೆ.
ನಾನು ದಪ್ಪ.

ಮೇಣದಿಂದ ಬಾಯಿ ಮುಚ್ಚಿದ ಮೂರು ನಳಿಗೆ,
ಸುತ್ತ ರಬ್ಬರು, ಅದರ ಮೇಲೆ ಉಣ್ಣೆಯ ಕಾಲುಚೀಲ,
ಒಳಂಗಿಯೊಳಗೆ, ಹೊಟ್ಟೆಯ ಮಡಿಕೆಗೆ ಒತ್ತಿ
ಅಂಗಾತ ಬಿದ್ದುಕೊಂಡೆ, ಮಗ್ಗುಲಾಗದೆ.
ಹೆತ್ತಿಲ್ಲ ನಾನು. ಹೊತ್ತದ್ದು ಅಷ್ಟೇ, ಆ ಒಂದು ಇರುಳು,
ಒಂದು ಪಿಡುಗನ್ನೂ ಆ ಪಿಡುಗಿನ ಪಿಡುಗನ್ನೂ
ಒಂದೇ ಬಸಿರಲ್ಲಿ.
ಯಾರು ಯಾರನ್ನು ತಿನ್ನುತ್ತಿದ್ದಾರೋ, ಸದ್ದಿಲ್ಲ.
ನಾಯಿ ಬೊಗಳಿತು. ಎಲ್ಲೋ ಗುಂಡು ಹಾರಿತು.
ಬೆವರಬೇಕು, ಬೆವರಬೇಕು ಎಂದುಕೊಳ್ಳುತ್ತ ನಡುಗಿದೆ.

ಬೆಳಗ್ಗೆ ಕಿಟಕಿಗೆ ಹಿಡಿದರೆ
ಒಂದು ಕದಡಿಯೇ ಇತ್ತು. ಎರಡನೆಯದೂ.
ಮೂರನೆಯದರಾಚೆ
ಎದುರು ಮನೆಯ ಬಾಲ್ಕನಿ, ಹಗ್ಗ,
ಹಗ್ಗದ ಮೇಲೆ ಮರಗಟ್ಟಿದ ಅಂಗಿ,
ಅಂಗಿಯ ಗುಂಡಿಗಳು, ನಾಲ್ಕು.

ಹತ್ತು ದಿನ ಪಟ್ಟಿಗೆ ಹನಿಸಿದರು.
ಮೊದಲು ಹಸಿರು ಹೋಯಿತು, ಆಮೇಲೆ ವಾಸನೆ.
ವಾಸನೆ ಹೋದ ದಿನ ಅವನು ಹಸಿವು ಎಂದ.
ಕಾಲು ಉಳಿಯಿತು. ಬೆರಳೆರಡು ಹೋದವು;
ಅವು ನಮ್ಮ ಬಾಗಿಲಿಗೆ ಬರುವ ಮುಂಚೆಯೇ ಹೋಗಿದ್ದವು.
ಅದೇ ಫೇಜ್ ಪಕ್ಕದ ಹಾಸಿಗೆಯ ಹೆಂಗಸಿಗೆ ಹತ್ತಲೇ ಇಲ್ಲ.
ಎತೇರಿ ಅವಳ ಹೆಸರು. ಅದನ್ನೂ ಹೇಳಬೇಕು.

ದಾಖಲೆ ಪುಸ್ತಕದಲ್ಲಿ ಲಾಮಾರಾಳ ಅಕ್ಷರ:
ಮೂಲ, ನದಿ, ಮೋರಿಯ ಕೆಳಗೆ. ಕಾವು, ಮೂವತ್ತೇಳು.
ಸುಳ್ಳು. ನನ್ನ ಹೊಟ್ಟೆ ಅಷ್ಟು ಬಿಸಿಯಿರಲಿಲ್ಲ ಅವತ್ತು.

ಸುಗ್ಗಿ ಮುಗಿದ ಮೇಲೆ ಅವನ ಅಣ್ಣ
ಅದೇ ಬೆನ್ನಿನ ಮೇಲೆ ಒಂದು ಬುಟ್ಟಿ ದ್ರಾಕ್ಷಿ ಹೊತ್ತು ತಂದ.
ಎಲ್ಲರೂ ತಿಂದರು. ನಾನೊಂದು ಗೊಂಚಲು ಮೂಸಿ ನೋಡಿ
ತೊಳೆಯಲು ಹೋದೆ. ನಲ್ಲಿಯಲ್ಲಿ ನೀರಿತ್ತು ಆ ದಿನ.
ತುಂಬ ಹೊತ್ತು ತೊಳೆದೆ.