ಗಣಕಕೂಟ

ಅವೆನ್ಯೂ ರಸ್ತೆಯ ಮೂರನೇ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ನಾನು
ಬೇರೆಯವರ ಮದುವೆಗಳಿಗೆ ಅಕ್ಷರ ಕೂಡಿಸುತ್ತೇನೆ.
ಚಿ॥ ರಾ॥, ಚಿ॥ ಸೌ॥,
ಗಣಪತಿಯ ಸೊಂಡಿಲು ಮಡಿಕೆಗೆ ಸಿಗಬಾರದು,
ಒಂದು ಒತ್ತಕ್ಷರ ಜಾರಿದರೆ
ಬೀಗರು ಮೆಟ್ಟಿಲಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

ಈ ಸಲ ಚೀಟಿ ಎದ್ದಿತು, ನಲವತ್ತೆಂಟು ಸಾವಿರ.
ನನ್ನದೇ ಒಂದು ಕಂಪ್ಯೂಟರ್, ನನ್ನ ಕೈಯಾರೆ ಜೋಡಿಸಿದ್ದು,
ಲಗ್ಗೆರೆಯ ಬಾಡಿಗೆ ಕೋಣೆಯ ಮೂಲೆಗೆ.
ಹೇಳಿದ್ದು ಕಟಿಂಗ್ ಮೆಷಿನ್ನಿನ ರೇವಣ್ಣನಿಗೆ ಮಾತ್ರ.
"ಪ್ರೊಸೆಸರ್ ಯಾವ್ದು?" ಅಂದ.
ಎಲ್ಲರೂ ಕೇಳುವುದು ಅದನ್ನೇ,
ಹುಡುಗ ಏನು ಮಾಡ್ಕೊಂಡಿದಾನೆ ಅನ್ನುವ ಹಾಗೆ.
ಸೇರುವ ಮನೆ ಹೇಗಿದೆ ಅಂತ
ಯಾರಿಗೂ ನೆನಪಾಗುವುದಿಲ್ಲ.

ಊಟದ ಹೊತ್ತಲ್ಲಿ ಡಬ್ಬಿ ಬೇಗ ಮುಗಿಸಿ
ಎಸ್.ಪಿ. ರೋಡಿಗೆ ನಡೆದೆ. ಒಂದು ದಿನವಲ್ಲ, ಹದಿನೇಳು ದಿನ.
ಕುಂದನ್ ಎಂಬ ಹುಡುಗ
ಗಾಜಿನ ಮೇಲೆ ಮದರ್‌ಬೋರ್ಡು ಹರವಿ ದೀಪ ಹಾಕಿದ:
ಕೆಂಪು, ನೇರಳೆ, ಅಂಚಿನುದ್ದಕ್ಕೂ ಓಡುವ ಹಸಿರು.
"ಮೇಡಂ, ಲುಕ್ಕು ನೋಡಿ."
ನೋಡಿದೆ. ಛತ್ರದ ಬಾಗಿಲಿನ ಸೀರಿಯಲ್ ಸೆಟ್ಟು
ಬೇಕಾದಷ್ಟು ನೋಡಿದ್ದೇನೆ ಕುಂದನ್,
ಒಳಗೆ ಎರಡನೇ ಪಂಕ್ತಿಗೇ ಅನ್ನ ಮುಗಿದದ್ದನ್ನೂ.

ಜಾತಕ ನಾನೇ ನೋಡಿದೆ.
ಸಾಕೆಟ್ಟಿಗೆ ಸಾಕೆಟ್ಟು ಕೂಡಬೇಕು, ಅದು ನಕ್ಷತ್ರ.
ರ‍್ಯಾಮಿನ ತಲೆಮಾರು ಕೂಡಬೇಕು,
ಇಲ್ಲಿ ಸಗೋತ್ರ ದೋಷವಲ್ಲ, ಅದೇ ಬೇಕಾದ್ದು.
ಬಯೋಸ್ ಹಳೆಯದಾದರೆ
ಹೊಸ ಪ್ರೊಸೆಸರನ್ನು ಗುರುತೇ ಹಿಡಿಯದೆ ಹೊಸ್ತಿಲಲ್ಲೇ ನಿಲ್ಲಿಸುತ್ತದೆ.
ಮೂವತ್ತಾರಕ್ಕೆ ಮೂವತ್ತೆರಡು, ಮೂವತ್ತೊಂದು, ಮತ್ತೆ ಮೂವತ್ತೆರಡು.
ಹಾಳೆ ತುಂಬಿತು,
ಮನಸ್ಸು ಒಪ್ಪಲಿಲ್ಲ.

ಹದಿನೆಂಟನೆಯ ದಿನ ಅಂಗಡಿಗಳನ್ನು ಬಿಟ್ಟು
ರಿಪೇರಿಯವರ ಮೆಟ್ಟಿಲು ಹತ್ತಿದೆ.
ಬೆಸುಗೆಯ ಹೊಗೆ. ಅಜ್ಮತ್ ಸಾಹೇಬರ ಒಂದು ಕಣ್ಣಿಗೆ
ಗಡಿಯಾರದವರ ಭೂತಗನ್ನಡಿ.
ಮೇಜಿನ ತುಂಬ ಸತ್ತ ಬೋರ್ಡುಗಳು:
ಪೂರಿಯಂತೆ ಉಬ್ಬಿದ ಕೆಪಾಸಿಟರ್,
ಸಿಡಿಲು ಕುಡಿದ ಕೇಬಲ್ ಕಿಂಡಿ,
ಯಾರದೋ ಅವಸರದ ಬೆರಳು ಬಗ್ಗಿಸಿದ ಪಿನ್ನು.

ಯಾವುದು ಒಳ್ಳೆಯದೆಂದು ಕೇಳಲಿಲ್ಲ.
"ನಿಮ್ ಹತ್ರ ಯಾವ್ದು ಬರೋದೇ ಇಲ್ಲ?"

ಅವರು ಬೆಸುಗೆಕಡ್ಡಿ ಕೆಳಗಿಟ್ಟರು.
ಬಹಳ ಹೊತ್ತು ಸೂರು ನೋಡಿ ಒಂದು ಹೆಸರು ಹೇಳಿದರು.
ದೀಪವಿಲ್ಲದ್ದು, ನಡುಬೆಲೆಯದು,
ಕರೆಂಟು ಹಂಚುವ ಮೂಲೆಗೆ ದಪ್ಪ ಲೋಹದ ಹೊದಿಕೆ.
"ಅದರ ಬಗ್ಗೆ ಏನ್ ಹೇಳ್ಲಮ್ಮಾ, ನಂಗೆ ಅಷ್ಟಾಗಿ ಗೊತ್ತೇ ಇಲ್ಲ.
ಐದು ವರ್ಷದಲ್ಲಿ ಎರಡು ಬಂದಿರ್ಬೇಕು.
ಒಂದರ ಮೇಲೆ ಕಾಫಿ ಚೆಲ್ಲಿದ್ರು."

ಭಾನುವಾರ. ತಪ್ಪು ಅಚ್ಚಾದ ಲಗ್ನಪತ್ರಿಕೆಗಳನ್ನು ಹಾಸಿ
ಅವುಗಳ ಮೇಲೆ ಬೋರ್ಡು ಇಟ್ಟೆ.
ಉಸಿರು ಹಿಡಿದು ಪ್ರೊಸೆಸರ್ ಇಳಿಸಿದೆ, ಒತ್ತದೆ,
ಅಕ್ಷತೆ ಬಿದ್ದಷ್ಟೇ ಭಾರದಲ್ಲಿ.
ಸ್ವಿಚ್ಚು ಒತ್ತಿದರೆ
ಫ್ಯಾನು ತಿರುಗಿತು, ಪರದೆ ಕಪ್ಪು.
ಒಂದು ಗಂಟೆ. ಒಂದೂವರೆ.
ಚೀಟಿಯ ಹದಿನೆಂಟು ಕಂತು ಕಣ್ಣೆದುರಿಗೇ ಸಾಲಾಗಿ ನಿಂತವು.
ಆಮೇಲೆ ಕಂಡಿತು, ಮೇಲಿನ ಮೂಲೆಯಲ್ಲಿ
ಎಂಟು ಪಿನ್ನಿನ ಕಿಂಡಿ, ಖಾಲಿ, ಬಾಯಿ ತೆರೆದುಕೊಂಡು.
ವೈರು ಪಕ್ಕದಲ್ಲೇ ನೇತಾಡುತ್ತಿತ್ತು.

ಬೀಪ್.
ಒಂದೇ, ಗಿಡ್ಡದು.

ಅದೇ ಕ್ಷಣಕ್ಕೆ ಕರೆಂಟು ಹೋಯಿತು.
ಬೀದಿ ಪೂರ್ತಿ 'ಅಯ್ಯೋ' ಅಂದಿತು.
ಯುಪಿಎಸ್ಸಿಗೆ ದುಡ್ಡು ಉಳಿದಿರಲಿಲ್ಲ.
ಕತ್ತಲಲ್ಲಿ ಕೂತೆ, ಬೆರಳಿಗೆ ತಾಮ್ರದ ವಾಸನೆ.
ಬಂತು, ಹೋಯಿತು, ಟ್ಯೂಬ್‌ಲೈಟು ಒದ್ದಾಡುವಂತೆ
ಮಿನುಗಿ ಮಿನುಗಿ ಮತ್ತೆ ಬಂತು.
ಮೇಲಿನ ಮನೆಯ ಟಿವಿ ಏಳಲಿಲ್ಲವೆಂದು ಬೈಗುಳ ಕೇಳಿಸಿತು.

ಸ್ವಿಚ್ಚು ಒತ್ತಿದೆ.
ಅದು ಎದ್ದಿತು,
ಏನಾಗಿತ್ತೆಂದೂ ವಿಚಾರಿಸದೆ.

ಮುಂದಿನ ತಿಂಗಳು ಯುಪಿಎಸ್ಸಿಗೆ ಹೋಗಬೇಕು.
ಅಜ್ಮತ್ ಸಾಹೇಬರ ಮೆಟ್ಟಿಲು ಹತ್ತಿದರೂ
ಎರಡು ಚಹಾ ಹಿಡಿದು,
ಬರಿಗೈಯಲ್ಲಿ ಅಂದರೆ, ಬೋರ್ಡಿಲ್ಲದೆ.